ಮೇವಿನ ಹುಲ್ಲಿನ ಒಳಗೇ ಶಿಲೀಂಧ್ರ ಇರುತ್ತಂತೆ, ಅದು ಒಳ್ಳೆಯದಂತೆ. ನಿಜಾನಾ?

ಮೇವುಗಾರ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಆರು ಹಸುಗಳಿವೆ. ಅವಕ್ಕೆಂದು ಎರಡು ತಾಕಿನಲ್ಲಿ ಬ್ರಾಕಿಯೇರಿಯಾ ಹುಲ್ಲು ಬೆಳೆದಿದ್ದೇನೆ. ಒಂದು ತಾಕು ಬೀಜ ಹಾಕಿ ಎಬ್ಬಿಸಿದ್ದು. ಇನ್ನೊಂದು ಗೆಳೆಯರ ಹಳೇ ತಾಕಿನಿಂದ ಬುಡ ಕಿತ್ತು ತಂದು ಸೀಳಿ ನೆಟ್ಟಿದ್ದು. ಮಣ್ಣು ಒಂದೇ, ನೀರು ಒಂದೇ, ಗೊಬ್ಬರ ಹಾಕಿದ್ದೂ ಒಂದೇ ದಿನ. ಆದರೂ ಬೀಜದ ತಾಕಿನಲ್ಲಿ ಎಲೆ ಮೇಲೆ ಕಂದು ಚುಕ್ಕೆ ತುಂಬಾ ಜಾಸ್ತಿ. ಮಳೆ ನಿಂತು ಮೂರು ವಾರ ಆಗುವಷ್ಟರಲ್ಲಿ ತುದಿ ಒಣಗಲು ಶುರುವಾಗುತ್ತದೆ. ಪಕ್ಕದ ತಾಕು ಮಾತ್ರ ಹಸಿರಾಗೇ ನಿಂತಿರುತ್ತದೆ.

ಇದನ್ನು ಒಬ್ಬರ ಹತ್ತಿರ ಹೇಳಿದಾಗ, ಹುಲ್ಲಿನ ಒಳಗೆ ಒಂದು ಶಿಲೀಂಧ್ರ ಇರುತ್ತದೆ, ಅದು ಇದ್ದರೆ ಹುಲ್ಲಿಗೆ ರೋಗ ಕಡಿಮೆ, ನಿಮ್ಮ ಬೀಜದ ತಾಕಿನಲ್ಲಿ ಅದು ಇಲ್ಲದೆ ಇರಬಹುದು ಅಂದರು. ನನಗೆ ಗೊತ್ತಿದ್ದದ್ದು ಇಷ್ಟೇ: ಬೂಸ್ಟು ಅಂದರೆ ರೋಗ, ಬಂದರೆ ಔಷಧಿ ಹೊಡೆಯಬೇಕು. ಹೋದ ವರ್ಷ ಚುಕ್ಕೆ ಕಂಡ ತಕ್ಷಣ ಎರಡೂ ಬಾರಿ ಹೊಡೆದಿದ್ದೇನೆ ಕೂಡ. ಹಾಗಾದರೆ ಒಳಗಿನ ಒಳ್ಳೆಯದನ್ನೂ ನಾನೇ ಕೊಂದು ಹಾಕಿದೆನಾ? ಅದು ಹಸುವಿನ ಹೊಟ್ಟೆಗೆ ಹೋದರೆ ಏನೂ ಆಗಲ್ವಾ? ಡಬ್ಬಿಯಲ್ಲಿ ಮಾರುತ್ತಾರಂತಲ್ಲ, ತಂದು ಹಾಕಿದರೆ ಹುಲ್ಲಿನೊಳಗೆ ಸೇರುತ್ತದಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಸೂಕ್ಷ್ಮಲೋಕ

ನಿಜ ಸರ್. ನಾನು ಸಸ್ಯರೋಗದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ, ಹುಲ್ಲಿನೊಳಗಿನ ಜೀವಿಗಳೇ ನನ್ನ ದಿನದ ಕೆಲಸ. ಈ ಪ್ರಶ್ನೆ ಒಬ್ಬ ಹಸು ಸಾಕುವವರಿಂದ ಬಂದದ್ದು ನೋಡಿ ತುಂಬಾ ಖುಷಿಯಾಯಿತು.

ಇವಕ್ಕೆ ಎಂಡೋಫೈಟ್ ಅನ್ನುತ್ತಾರೆ. ಗಿಡದ ಒಳಗೆ, ಗಿಡಕ್ಕೆ ರೋಗ ತರದೆ ಬದುಕುವ ಜೀವಿ ಅಂತ ಅರ್ಥ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ಚುಕ್ಕೆ ಇಲ್ಲ, ಬಿಳಿ ಪುಡಿ ಇಲ್ಲ. ಹುಲ್ಲಿನ ಕಾಂಡವನ್ನು ಸುತ್ತಿಕೊಂಡಿರುವ ಎಲೆಯ ಬುಡಭಾಗ ಇರುತ್ತದಲ್ಲ, ಅದರ ಒಳಮೈಯಿಂದ ಈರುಳ್ಳಿ ಪೊರೆಯಂಥ ತೆಳು ಸಿಪ್ಪೆ ಎಳೆದು, ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಆಗ ಗೊತ್ತಾಗುತ್ತದೆ. ಹುಲ್ಲಿನ ಕೋಶಗಳು ಉದ್ದುದ್ದಕ್ಕೆ ಇಟ್ಟಿಗೆ ಜೋಡಿಸಿದ ಹಾಗೆ ಕಾಣುತ್ತವೆ. ಆ ಇಟ್ಟಿಗೆಗಳ ಸಂದಿಯಲ್ಲಿ ದಾರದಂಥ ಎಳೆಗಳು ಹೋಗುತ್ತಿರುತ್ತವೆ. ರೋಗದ ಶಿಲೀಂಧ್ರ ಕೋಶವನ್ನು ಒಡೆದು ಒಳಗೆ ನುಗ್ಗುತ್ತದೆ. ಇದು ಸಂದಿಯಲ್ಲೇ ಇದ್ದುಕೊಂಡು, ಅಲ್ಲಿ ಸಿಗುವ ಸಕ್ಕರೆಯಲ್ಲಿ ಬದುಕುತ್ತದೆ.

ನಿಮ್ಮ ಬ್ರಾಕಿಯೇರಿಯಾ ಮೇಲೇ ಒಳ್ಳೆಯ ಕೆಲಸ ನಡೆದಿದೆ. ಕೊಲಂಬಿಯಾದ ಕಾಲಿ ನಗರದ ಹತ್ತಿರ ಸಿಯಾಟ್ ಅನ್ನುವ ಉಷ್ಣವಲಯ ಕೃಷಿ ಸಂಶೋಧನಾ ಕೇಂದ್ರ ಇದೆ. ಅಲ್ಲಿ ಇಥಿಯೋಪಿಯಾ ಮೂಲದ ಸೆಗೆನೆಟ್ ಕೆಲೆಮು ಮತ್ತು ಜೊತೆಗಾರರು ಬ್ರಾಕಿಯೇರಿಯಾದ ಒಳಗಿನಿಂದ ಅಕ್ರಿಮೋನಿಯಂ ಇಂಪ್ಲಿಕೇಟಮ್ ಅನ್ನುವ ಶಿಲೀಂಧ್ರವನ್ನು ಬೇರ್ಪಡಿಸಿದರು. ಅವರು ಮಾಡಿದ ಪ್ರಯೋಗದ ಜಾಣತನ ನೋಡಿ. ಒಂದೇ ತಾಯಿಬುಡದಿಂದ ಗಿಡ ಮಾಡಿಕೊಂಡು, ಅರ್ಧದಲ್ಲಿ ಶಿಲೀಂಧ್ರ ಹಾಗೇ ಬಿಟ್ಟರು, ಇನ್ನರ್ಧದಲ್ಲಿ ತೆಗೆದುಹಾಕಿದರು. ಆಮೇಲೆ ಎರಡಕ್ಕೂ ಎಲೆಚುಕ್ಕೆ ತರುವ ಡ್ರೆಕ್ಸ್‌ಲೆರಾ ಅನ್ನುವ ರೋಗದ ಶಿಲೀಂಧ್ರ ಸಿಂಪಡಿಸಿದರು. ಒಳಗೆ ಶಿಲೀಂಧ್ರ ಇದ್ದ ಗಿಡಗಳಲ್ಲಿ ಚುಕ್ಕೆಗಳ ಸಂಖ್ಯೆಯೂ ಕಡಿಮೆ, ಗಾತ್ರವೂ ಕಡಿಮೆ. ತಳಿ ಒಂದೇ ಆಗಿದ್ದರಿಂದ ಇದು ತಳಿಯ ಗುಣ ಅನ್ನುವ ಹಾಗಿಲ್ಲ. ಈ ಶಿಲೀಂಧ್ರ ಬೀಜದ ಮೂಲಕ ಮುಂದಿನ ಪೀಳಿಗೆಗೆ ಹೋಗುತ್ತದೆ ಅಂತಲೂ 2004ರಲ್ಲಿ ಪ್ರಕಟವಾಯಿತು. ಮೇವಿನ ಹುಲ್ಲಿನ ಜೊತೆ ಬಾಳುವ ಸೂಕ್ಷ್ಮಜೀವಿಗಳ ಈ ಕೆಲಸಕ್ಕೇ ಕೆಲೆಮು ಅವರಿಗೆ 2014ರಲ್ಲಿ ಲೋರಿಯಲ್-ಯುನೆಸ್ಕೋ ಮಹಿಳಾ ವಿಜ್ಞಾನಿ ಪ್ರಶಸ್ತಿ ಬಂತು. ಹುಲ್ಲಿಗೆ ಆ ಮಟ್ಟದ ಪ್ರಶಸ್ತಿ ಬರುವುದು ಅಪರೂಪ, ಅದಕ್ಕೇ ನೆನಪಿಟ್ಟುಕೊಂಡಿದ್ದೇನೆ.

ಔಷಧಿ ವಿಷಯ. ಎಲೆ ಮೇಲೆ ಮಾತ್ರ ಕೂರುವ ಔಷಧಿ ಒಳಗಿನದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಗಿಡದೊಳಗೆ ಹೀರಿಕೊಂಡು ಓಡಾಡುವ ಶಿಲೀಂಧ್ರನಾಶಕ ಇದೆಯಲ್ಲ, ಅದು ಮುಟ್ಟುತ್ತದೆ. ಶಿಲೀಂಧ್ರ ಇಲ್ಲದ ಗಿಡ ಬೇಕಾದಾಗ ಪ್ರಯೋಗಾಲಯದಲ್ಲಿ ನಾವೇ ಅದನ್ನು ಬಳಸುತ್ತೇವೆ. ಒಂದೆರಡು ಸಿಂಪಡಣೆಗೆ ಪೂರ್ತಿ ಹೋಗಿಬಿಡುತ್ತದೆ ಅಂತೇನಿಲ್ಲ, ಬುಡದ ಒಳಗಿನ ಎಳೆಮೊಗ್ಗಿನಲ್ಲಿ ಉಳಿದಿದ್ದರೆ ಹೊಸ ತೆಂಡೆಯ ಜೊತೆ ಮತ್ತೆ ಮೇಲೆ ಬರುತ್ತದೆ. ನೀವು ಹೊಡೆದದ್ದು ಯಾವ ಬಗೆಯದು?

ಕೊಟ್ಟಿಗೆವೈದ್ಯ

ಹಸುವಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಪಶುವೈದ್ಯ ನಾನು. ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಹಿನ್ನೆಲೆ ಇದೆ. ಆದರೆ ಅದು ಬೇರೆ ಹುಲ್ಲಿನದು.

ತಂಪು ದೇಶಗಳಲ್ಲಿ ಟಾಲ್ ಫೆಸ್ಕ್ಯೂ ಅನ್ನುವ ಮೇವಿನ ಹುಲ್ಲು ಇದೆ. ಅಮೆರಿಕದಲ್ಲಿ 1943ರಲ್ಲಿ ಕೆಂಟಕಿ 31 ಅನ್ನುವ ತಳಿ ಬಿಡುಗಡೆಯಾಗಿ ಲಕ್ಷಗಟ್ಟಲೆ ಎಕರೆಗೆ ಹರಡಿತು. ಗಟ್ಟಿ ಹುಲ್ಲು, ಬರ ತಡೆಯುತ್ತದೆ, ಹುಳ ಮುಟ್ಟುವುದಿಲ್ಲ. ಆದರೆ ಅದನ್ನು ಮೇಯ್ದ ದನಗಳು ಬೇಸಿಗೆಯಲ್ಲಿ ಏದುಸಿರು ಬಿಡುತ್ತಿದ್ದವು, ಹಾಲು ಇಳಿಯುತ್ತಿತ್ತು, ಕೂದಲು ಒರಟಾಗಿ ಉದುರದೆ ನಿಲ್ಲುತ್ತಿತ್ತು. ಚಳಿಯಲ್ಲಿ ಕೆಲವಕ್ಕೆ ಬಾಲದ ತುದಿ, ಗೊರಸಿನ ಮೇಲ್ಭಾಗ ರಕ್ತ ಹರಿಯದೆ ಕೊಳೆಯುತ್ತಿತ್ತು. ಕಾರಣ ಗೊತ್ತಾಗದೆ ರೈತರು ದಶಕಗಳ ಕಾಲ ಒದ್ದಾಡಿದರು. 1977ರಲ್ಲಿ ಜಾರ್ಜಿಯಾದ ಸಂಶೋಧಕರು ವಿಷ ಏರಿಸುತ್ತಿದ್ದ ಹುಲ್ಲಿನೊಳಗೆ ಒಂದು ಶಿಲೀಂಧ್ರ ಇರುವುದನ್ನು ತೋರಿಸಿದರು. ಆ ಗುಂಪನ್ನು ಈಗ ಎಪಿಕ್ಲೋಯ್ ಅನ್ನುತ್ತೇವೆ. ಅದು ಮಾಡುವ ಎರ್ಗೊವ್ಯಾಲಿನ್ ಅನ್ನುವ ವಿಷ ರಕ್ತನಾಳವನ್ನು ಬಿಗಿಯುತ್ತದೆ. ನ್ಯೂಜಿಲೆಂಡಿನ ರೈಗ್ರಾಸ್‌ನಲ್ಲಿ ಇದೇ ಗುಂಪಿನ ಇನ್ನೊಂದು ಶಿಲೀಂಧ್ರ ಲೋಲಿಟ್ರೆಮ್ ಬಿ ಅನ್ನುವ ವಿಷ ಮಾಡುತ್ತದೆ, ಅದನ್ನು ತಿಂದ ಕುರಿಗಳು ತೂರಾಡಿ ಬೀಳುತ್ತವೆ.

ಆಗ ಏನು ಮಾಡಿದರು ಗೊತ್ತಾ? ಶಿಲೀಂಧ್ರ ಇಲ್ಲದ ಬೀಜ ತಂದು ಬಿತ್ತಿದರು. ದನ ಆರೋಗ್ಯವಾದವು, ಹುಲ್ಲು ಸತ್ತಿತು. ನ್ಯೂಜಿಲೆಂಡಿನಲ್ಲಿ ಕಾಂಡ ತಿನ್ನುವ ಸೊಂಡಿಲ ಹುಳ ಹುಲ್ಲನ್ನೇ ಮುಗಿಸಿತು, ಅಮೆರಿಕದಲ್ಲಿ ಬರಕ್ಕೆ ಹೋಯಿತು. ಕೊನೆಗೆ ದನಕ್ಕೆ ವಿಷ ಮಾಡದ, ಆದರೆ ಹುಳವನ್ನು ಓಡಿಸುವ ಶಿಲೀಂಧ್ರದ ಬಗೆಗಳನ್ನು ಹುಡುಕಿ ಹುಲ್ಲಿನೊಳಗೆ ಕೂರಿಸಿದರು. ಎಆರ್ 1 ಅನ್ನುವುದು ಹಾಗೆ ಬಂದದ್ದು. ಈಗ ಅಲ್ಲಿ ರೈತರು ಬೀಜ ಕೊಳ್ಳುವಾಗ ತಳಿಯ ಹೆಸರಿನ ಜೊತೆ ಒಳಗಿರುವ ಶಿಲೀಂಧ್ರದ ಹೆಸರನ್ನೂ ಕೇಳುತ್ತಾರೆ.

ಎಪಿಕ್ಲೋಯ್ ಗುಂಪು ತಂಪು ಹವೆಯ ಹುಲ್ಲುಗಳಿಗೇ ಅಂಟಿಕೊಂಡದ್ದು. ಬ್ರಾಕಿಯೇರಿಯಾ, ಗಿನಿ, ನೇಪಿಯರ್ ಬೇರೆ ವಂಶ. ಬ್ರಾಕಿಯೇರಿಯಾದ ಅಕ್ರಿಮೋನಿಯಂ ಅದಲ್ಲ. ಹಾಗಂತ ಬ್ರಾಕಿಯೇರಿಯಾ ತಿಂದ ದನಕ್ಕೆ ಏನೂ ಆಗುವುದೇ ಇಲ್ಲ ಅಂತ ತಿಳಿಯಬೇಡಿ. ಕೆಲವು ಸಲ ಕಿವಿ, ಮೂತಿ, ಮೊಲೆ ಹೀಗೆ ಕೂದಲು ಕಡಿಮೆ ಇರುವ ಕಡೆ ಬಿಸಿಲಿಗೆ ಚರ್ಮ ಊದಿಕೊಂಡು ಸುಲಿಯುತ್ತದೆ, ಕಣ್ಣು ಹಳದಿಯಾಗುತ್ತದೆ. ಕುರಿ, ಎಳೆ ಕರುಗಳಿಗೆ ಜಾಸ್ತಿ. ಮೊದಲು ಇದನ್ನು ಒಣಗಿದ ಎಲೆ ಮೇಲೆ ಬೆಳೆಯುವ ಪಿಥೋಮೈಸಿಸ್ ಅನ್ನುವ ಬೂಸ್ಟಿನ ತಲೆಗೆ ಕಟ್ಟುತ್ತಿದ್ದರು. ಆಮೇಲೆ ಹುಲ್ಲೇ ಮಾಡಿಕೊಳ್ಳುವ ಸ್ಯಾಪೋನಿನ್‌ಗಳು ಮುಖ್ಯ ಕಾರಣ ಅಂತ ತಿಳಿಯಿತು, ಅವು ಪಿತ್ತಜನಕಾಂಗಕ್ಕೆ ಪೆಟ್ಟು ಕೊಡುತ್ತವೆ. ಹಾಗೇನಾದರೂ ಕಂಡರೆ ಹಸುವನ್ನು ನೆರಳಿಗೆ ಕಟ್ಟಿ, ಆ ಹುಲ್ಲು ನಿಲ್ಲಿಸಿ, ವೈದ್ಯರನ್ನು ಕರೆಯಿರಿ. ಬೇರೆ ಮೇವಿನ ಜೊತೆ ಬೆರೆಸಿ ಹಾಕುತ್ತಿದ್ದರೆ ಅಪಾಯ ಕಡಿಮೆ.

ಬುಡಬೇರು

ಮೇಡಂ, ಡಾಕ್ಟರ್ ಇಬ್ಬರೂ ಚೆನ್ನಾಗಿ ಹೇಳಿದ್ದಾರೆ, ಆದರೆ ನಾನು ಒಂದು ತಡೆ ಹಾಕುತ್ತೇನೆ. ಮೇವುಗಾರ ಅವರ ಎರಡು ತಾಕಿನ ವ್ಯತ್ಯಾಸಕ್ಕೆ ಶಿಲೀಂಧ್ರವೇ ಕಾರಣ ಅಂತ ಈಗಲೇ ತೀರ್ಮಾನ ಮಾಡಬೇಡಿ. ಮೇವಿನ ಹುಲ್ಲಿನ ಸಸಿ ಮಾಡಿ ಕೊಡುವುದೇ ನನ್ನ ಕಸುಬು, ಹದಿನೈದು ವರ್ಷದಿಂದ.

ಮೊದಲ ಪ್ರಶ್ನೆ, ಎರಡೂ ಒಂದೇ ತಳಿಯಾ? ಬ್ರಾಕಿಯೇರಿಯಾ ಅಂತ ಒಂದೇ ಹೆಸರಲ್ಲಿ ಎಷ್ಟೋ ಬಗೆ ಬರುತ್ತವೆ. ಬ್ರಿಜಾಂಥಾ ಬೇರೆ, ಡೆಕುಂಬೆನ್ಸ್ ಬೇರೆ, ರುಜಿಜಿಯೆನ್ಸಿಸ್ ಬೇರೆ, ಮುಲಾಟೊ ಥರದ ಹೈಬ್ರಿಡ್ ಬೇರೆ. ಬ್ರಿಜಾಂಥಾ ತಳಿಗಳಲ್ಲಿ ಬೀಜ ಸಾಮಾನ್ಯವಾಗಿ ಪರಾಗ ಬೆರೆಯದೇ ಕಟ್ಟುತ್ತದೆ, ಹಾಗಾಗಿ ಮರಿ ತಾಯಿಯ ಪಡಿಯಚ್ಚು. ರುಜಿ ಹಾಗಲ್ಲ, ಅದರಲ್ಲಿ ಬೀಜ ಬೆರೆತು ಆಗುತ್ತದೆ, ಒಂದೊಂದು ಗಿಡ ಒಂದೊಂದು ಥರ. ನಿಮ್ಮ ಬೀಜದ ತಾಕಿನಲ್ಲಿ ಗಿಡದಿಂದ ಗಿಡಕ್ಕೆ ಎಲೆಯ ಅಗಲ, ರೋಮ, ಬಣ್ಣ ಬೇರೆ ಬೇರೆ ಕಾಣುತ್ತಿದೆಯಾ ನೋಡಿ. ಇನ್ನೊಂದು, ಬುಡ ಸೀಳಿ ನೆಟ್ಟದ್ದು ಹಳೇ ಗಿಡದ ಬಲ ಇಟ್ಟುಕೊಂಡೇ ಬಂದಿರುತ್ತದೆ. ಅದರ ಬೇರು ಮೊದಲ ವರ್ಷವೇ ಆಳಕ್ಕೆ ಇಳಿಯುತ್ತದೆ. ಮೂರು ವಾರಕ್ಕೆ ತುದಿ ಒಣಗುವುದು ಬರೀ ಬೇರು ಮೇಲೆ ಇರುವುದರಿಂದಲೂ ಆಗಬಹುದು.

ಇಷ್ಟು ಹೇಳಿದ ಮೇಲೆ, ಬೀಜದ ವಿಷಯದಲ್ಲಿ ನಾನೇ ಕಲಿತ ಪಾಠ ಹೇಳುತ್ತೇನೆ. ಒಂದು ವರ್ಷ ಬೀಜ ಮಿಕ್ಕಿತ್ತು. ತಗಡಿನ ಶೆಡ್ಡಿನಲ್ಲಿ ಚೀಲ ಕಟ್ಟಿ ಇಟ್ಟೆ, ಎರಡು ಬೇಸಿಗೆ ಕಳೆಯಿತು. ಆಮೇಲೆ ಬಿತ್ತಿದಾಗ ಮೊಳಕೆ ಪರವಾಗಿಲ್ಲ ಅನ್ನುವಷ್ಟು ಬಂತು. ಸಸಿ ಕೊಂಡು ಹೋದವರಿಂದ ಒಂದೇ ದೂರು, ಚುಕ್ಕೆ, ಚುಕ್ಕೆ. ಆಗ ನಾನು ಹವಾಮಾನ ಅಂದುಕೊಂಡಿದ್ದೆ. ಬಿಸಿಯಲ್ಲಿ ಇಟ್ಟರೆ ಬೀಜ ಬದುಕಿದ್ದರೂ ಒಳಗಿನ ಶಿಲೀಂಧ್ರ ಮೊದಲು ಸಾಯುತ್ತದೆ ಅಂತ ರೈಗ್ರಾಸ್, ಫೆಸ್ಕ್ಯೂ ಬೀಜಗಳ ಬಗ್ಗೆ ಓದಿದ್ದು ತುಂಬಾ ಆಮೇಲೆ. ನನ್ನ ಬೀಜಕ್ಕೆ ಆದದ್ದು ಅದೇ ಅಂತ ಹೇಳಲು ನನ್ನ ಹತ್ತಿರ ಪುರಾವೆ ಇಲ್ಲ. ಆದರೆ ಅಲ್ಲಿಂದ ಈಚೆಗೆ ಬೀಜವನ್ನು ತಂಪಾದ, ಒಣಗಿದ ಕೋಣೆಯಲ್ಲೇ ಇಡುತ್ತೇನೆ, ಒಂದು ಹಂಗಾಮು ದಾಟಿಸುವುದಿಲ್ಲ.

ಮೇವುಗಾರ

ಎಲ್ಲರಿಗೂ ತುಂಬಾ ಧನ್ಯವಾದ. ಮೇಡಂ, ನಾನು ಹೊಡೆದದ್ದು ಒಳಗೆ ಹೀರಿಕೊಳ್ಳುವ ಬಗೆಯದೇ, ಖಾಲಿ ಬಾಟಲಿ ಹುಡುಕಿ ಓದಿದೆ. ಬೇಜಾರಾಯಿತು. ಬುಡಬೇರು ಅಣ್ಣ, ನೀವು ಹೇಳಿದ ಮೇಲೆ ಹೋಗಿ ಮಂಡಿಯೂರಿ ಕೂತು ನೋಡಿದೆ. ಬೀಜದ ತಾಕಿನಲ್ಲಿ ಗಿಡಗಳೆಲ್ಲ ಒಂದೇ ಥರ ಇವೆ, ಆದರೆ ಇನ್ನೊಂದು ತಾಕಿನದಕ್ಕಿಂತ ಎಲೆ ಸ್ವಲ್ಪ ಕಿರಿದು, ಕಾಂಡದ ಮೇಲೆ ರೋಮ ಜಾಸ್ತಿ. ಅಂದರೆ ತಳಿಯೇ ಬೇರೆ ಇರಬೇಕು ಅಲ್ವಾ. ನಾನು ಎರಡೂ ಒಂದೇ ಅಂದುಕೊಂಡೇ ಇಷ್ಟು ದಿನ ಹೋಲಿಸುತ್ತಿದ್ದೆ.

ಡಬ್ಬಿಯ ಬಗ್ಗೆ ಯಾರೂ ಹೇಳಲಿಲ್ಲ. ಮತ್ತೆ ಪ್ರಯೋಗಾಲಯ ಇಲ್ಲದೆ ನಾನೇ ನೋಡಲು ಏನಾದರೂ ದಾರಿ ಇದೆಯಾ?

ಸೂಕ್ಷ್ಮಲೋಕ

ಬುಡಬೇರು ಅವರು ಹಾಕಿದ ತಡೆ ತುಂಬಾ ಸರಿಯಾಗಿತ್ತು, ನಾನೇ ಮೊದಲು ಕೇಳಬೇಕಿತ್ತು.

ಡಬ್ಬಿಗೆ ಬರೋಣ. ಒಳಗಿನ ಶಿಲೀಂಧ್ರ ಅನ್ನುವುದು ಒಂದೇ ಅಲ್ಲ. ಎಲೆ ಕಾಂಡದಲ್ಲಿ ಇದ್ದು ಬೀಜದ ಮೂಲಕ ಹೋಗುವುದು ಒಂದು ಬಗೆ, ಅದನ್ನು ಎರಚಿ ಒಳಗೆ ಸೇರಿಸುವುದು ಸುಲಭವಲ್ಲ. ಫೆಸ್ಕ್ಯೂ ಹುಲ್ಲಿಗೆ ಸೇರಿಸುವವರು ಎರಡು ಮೂರು ದಿನದ ಮೊಳಕೆಯನ್ನು ಸೂಜಿಯಿಂದ ಸೀಳಿ ಒಂದೊಂದಕ್ಕೂ ಕೈಯಿಂದ ಇಡುತ್ತಾರೆ. ಬೇರಿನಲ್ಲಿ ಇರುವುದು ಇನ್ನೊಂದು ಬಗೆ. ಡಬ್ಬಿಯಲ್ಲಿ ಸಾಮಾನ್ಯವಾಗಿ ಸಿಗುವ ಮೈಕೊರೈಜಾ, ಟ್ರೈಕೊಡರ್ಮಾ ಎಲ್ಲ ಈ ಎರಡನೆಯ ಸಾಲಿನವು. ಮೈಕೊರೈಜಾ ಬೇರಿನ ಕೋಶದೊಳಗೆ ಸಣ್ಣ ಮರದಂತೆ ಕವಲೊಡೆದು, ಮಣ್ಣಿನಿಂದ ರಂಜಕ ತಂದುಕೊಟ್ಟು ಸಕ್ಕರೆ ತೆಗೆದುಕೊಳ್ಳುತ್ತದೆ. ಹುಳಿ ಮಣ್ಣಿನಲ್ಲಿ ರಂಜಕ ಕಟ್ಟಿಹೋಗಿರುತ್ತದಲ್ಲ, ಅಂಥ ಕಡೆ ಬ್ರಾಕಿಯೇರಿಯಾ ಬದುಕುವುದರಲ್ಲಿ ಇದರ ಪಾಲು ದೊಡ್ಡದು. ಆದರೆ ಹಳೇ ಹುಲ್ಲುಗಾವಲಿನ ಮಣ್ಣಿನಲ್ಲಿ ಇದು ಮೊದಲೇ ಇರುತ್ತದೆ. ಗೆಳೆಯರ ತಾಕಿನಿಂದ ಬುಡ ತರುವಾಗ ಬೇರಿಗೆ ಅಂಟಿದ ಮಣ್ಣನ್ನು ತೊಳೆಯದೆ ತಂದಿದ್ದರೆ ಅದೂ ಜೊತೆಗೆ ಬಂದಿದೆ. ಸೊರಗು ರೋಗ, ಕುಬ್ಜ ರೋಗ ಇಲ್ಲದ ಆರೋಗ್ಯವಾದ ತಾಕಿನಿಂದ ಮಾತ್ರ ಹೀಗೆ ತನ್ನಿ, ಇಲ್ಲದಿದ್ದರೆ ರೋಗವನ್ನೂ ಹೊತ್ತು ತಂದ ಹಾಗಾಗುತ್ತದೆ.

ನನಗೆ ತುಂಬಾ ಇಷ್ಟವಾದ ಒಂದು ಪ್ರಯೋಗ ಹೇಳಲೇಬೇಕು. ಮೆಟಾರೈಜಿಯಂ ಗೊತ್ತಲ್ಲ, ಹುಳ ಸಾಯಿಸಲು ಹೊಲಕ್ಕೆ ಹಾಕುವ ಹಸಿರು ಶಿಲೀಂಧ್ರ. ಅದು ಹುಲ್ಲಿನ ಬೇರಿನೊಳಗೂ ಇರುತ್ತದೆ. 2012ರಲ್ಲಿ ಕೆನಡಾದವರು ಬೇರು ದಾಟಲಾಗದ, ಶಿಲೀಂಧ್ರದ ಎಳೆ ಮಾತ್ರ ದಾಟುವಷ್ಟು ಸಣ್ಣ ಕಣ್ಣಿನ ಜಾಲರಿ ಕಟ್ಟಿದರು. ಒಂದು ಕಡೆ ಸ್ವಿಚ್‌ಗ್ರಾಸ್ ಹುಲ್ಲು ಮತ್ತು ಹುರುಳಿಕಾಯಿ ಗಿಡ, ಇನ್ನೊಂದು ಕಡೆ ಗುರುತು ಹಾಕಿದ ಸಾರಜನಕ ತುಂಬಿದ ಹುಳುಮರಿಗಳು. ಶಿಲೀಂಧ್ರ ಹುಳುಗಳಿಗೆ ತಗುಲಿತು, ಆ ಗುರುತಿನ ಸಾರಜನಕ ಹುಲ್ಲಿನ ಎಲೆಯಲ್ಲಿ ಸಿಕ್ಕಿತು. ಹುಲ್ಲನ್ನು ತಿನ್ನಲು ಬರುವ ಹುಳದ ಮೈಯೇ ಹುಲ್ಲಿಗೆ ಗೊಬ್ಬರವಾಗಿ ತಿರುಗಿ ಬಂದ ಹಾಗೆ. ಇದನ್ನು ಮೊದಲು ಓದಿದ ದಿನ ನಾನು ಎದ್ದು ಹೋಗಿ ಹೊರಗಿನ ಹುಲ್ಲನ್ನೇ ನೋಡುತ್ತಾ ನಿಂತಿದ್ದೆ.

ಇನ್ನೊಂದು ಎಲ್ಲೋಸ್ಟೋನ್ ಉದ್ಯಾನದ್ದು. ಅಲ್ಲಿ ಬಿಸಿನೀರ ಬುಗ್ಗೆಗಳ ಪಕ್ಕ ನೆಲ 50 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಕಡೆ ಒಂದು ಹುಲ್ಲು ಬೆಳೆಯುತ್ತದೆ, ಗಿನಿ ಹುಲ್ಲಿನ ದೂರದ ನೆಂಟ. ಒಳಗೆ ಕರ್ವುಲೇರಿಯಾ ಶಿಲೀಂಧ್ರ ಇದ್ದರೆ ಮಾತ್ರ ಆ ಬಿಸಿ ತಡೆಯುತ್ತದೆ ಅಂತ 2002ರಲ್ಲಿ ತಿಳಿಯಿತು. 2007ರಲ್ಲಿ ಇನ್ನೂ ಒಂದು ಪದರ ಬಿಚ್ಚಿತು, ಶಿಲೀಂಧ್ರದೊಳಗೆ ಒಂದು ವೈರಸ್ ಇದೆ, ಅದನ್ನು ತೆಗೆದರೆ ಶಿಲೀಂಧ್ರ ಇದ್ದರೂ ಪ್ರಯೋಜನವಿಲ್ಲ. ಹುಲ್ಲು, ಅದರೊಳಗೆ ಶಿಲೀಂಧ್ರ, ಅದರೊಳಗೆ ವೈರಸ್. ಮೂರೂ ಸೇರಿದರೇ ಬದುಕು. ಇನ್ನೊಂದು ಮಾತು, ಕರ್ವುಲೇರಿಯಾದ ಬೇರೆ ಬಗೆಗಳು ಎಷ್ಟೋ ಹುಲ್ಲಿಗೆ ಎಲೆಚುಕ್ಕೆ ತರುತ್ತವೆ. ಹಾಗಾಗಿ ಹೆಸರು ನೋಡಿ ಒಳ್ಳೆಯದು ಕೆಟ್ಟದ್ದು ಅನ್ನಲಾಗುವುದಿಲ್ಲ. ನೀರು, ಗೊಬ್ಬರ ಧಾರಾಳವಾಗಿದ್ದರೆ ಒಳಗಿನ ಶಿಲೀಂಧ್ರ ಇದ್ದದ್ದೂ ಇಲ್ಲದ್ದೂ ಒಂದೇ ಥರ ಕಾಣಬಹುದು, ಕಷ್ಟ ಬಂದಾಗಲೇ ವ್ಯತ್ಯಾಸ.

ಮನೆಯಲ್ಲಿ ನೋಡುವ ದಾರಿ ಇದೆ, ಬೇರಿನದ್ದಕ್ಕೆ. ಸಣ್ಣ ಬಿಳಿ ಬೇರುಗಳನ್ನು ತೊಳೆದು, 10 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬೇರು ಪಾರದರ್ಶಕವಾಗುವ ತನಕ ಕುದಿಸಬೇಕು. ಇದು ಚರ್ಮ ಸುಡುವ ವಸ್ತು, ಕೈಗವಸು ಮತ್ತು ಕನ್ನಡಕ ಇಲ್ಲದೆ ಮುಟ್ಟಲೇಬೇಡಿ. ರಸಾಯನಶಾಸ್ತ್ರ ಕಲಿಸುವವರ ಜೊತೆ ಮಾಡಿದರೆ ಒಳ್ಳೆಯದು. ಚೆನ್ನಾಗಿ ತೊಳೆದು, ವಿನಿಗರ್‌ಗೆ 5 ಶೇಕಡಾ ಫೌಂಟನ್ ಪೆನ್ನಿನ ಕಪ್ಪು ಇಂಕು ಬೆರೆಸಿ ಅದರಲ್ಲಿ ಮೂರು ನಿಮಿಷ ಕುದಿಸಿ. ಆಮೇಲೆ ನಾಲ್ಕು ಹನಿ ವಿನಿಗರ್ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಬಿಡಿ. ಬೇರು ಬಿಳಿಚಿಕೊಳ್ಳುತ್ತದೆ, ಶಿಲೀಂಧ್ರಕ್ಕೆ ಬಣ್ಣ ಉಳಿಯುತ್ತದೆ.

ಎಲೆಯೊಳಗಿನದನ್ನು ಬೆಳೆಸಿ ನೋಡುವುದು ಮಾತ್ರ ಪ್ರಯೋಗಾಲಯದ ಕೆಲಸ. ಎಲೆಯ ಹೊರಮೈಯನ್ನು ಆಲ್ಕೋಹಾಲ್ ಮತ್ತು ಬ್ಲೀಚಿನಿಂದ ತೊಳೆದು ಹೊರಗಿನದನ್ನೆಲ್ಲ ಕೊಲ್ಲಬೇಕು, ಕೊನೆಯ ಸಲ ತೊಳೆದ ನೀರನ್ನೂ ಒಂದು ತಟ್ಟೆಯಲ್ಲಿ ಹಾಕಿ ಏನೂ ಬೆಳೆಯುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಕೊನೆಯ ತಟ್ಟೆ ಇಡದೆ, ಮೂರು ತಿಂಗಳು ಎಲೆ ಮೇಲಿನ ಧೂಳಿನ ಬೂಸ್ಟನ್ನೇ ಎಂಡೋಫೈಟ್ ಅಂತ ಎಣಿಸಿದ್ದೆ. ಅಷ್ಟೂ ಕೆಲಸ ಬಿಸಾಡಬೇಕಾಯಿತು.

ಬುಡಬೇರು

ಮೇವುಗಾರ ಅವರೇ, ಹೋಲಿಸಬೇಕು ಅಂತಿದ್ದರೆ ಒಂದೇ ತಾಯಿಬುಡ ಕಿತ್ತು ಸೀಳಿ, ಇಪ್ಪತ್ತು ತುಂಡು ಮಾಡಿ. ಹತ್ತಕ್ಕೆ ಔಷಧಿ ಹೊಡೆಯಿರಿ, ಹತ್ತಕ್ಕೆ ಬೇಡ. ಹತ್ತು ಒಂದು ಕಡೆ, ಹತ್ತು ಇನ್ನೊಂದು ಕಡೆ ನೆಡದೆ ಬೆರೆಸಿ ನೆಡಿ, ಗುರುತಿಗೆ ಕಡ್ಡಿ ಚುಚ್ಚಿ. ಎಲ್ಲವನ್ನೂ ಒಂದೇ ಎತ್ತರಕ್ಕೆ ಕೊಯ್ಯಿರಿ. ಎರಡು ಕೊಯ್ಲು ಆದಮೇಲೆ ಔಷಧಿ ನಿಲ್ಲಿಸಿ ಚುಕ್ಕೆ ಎಣಿಸಿ, ಔಷಧಿ ಒಳಗೆ ಇರುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಔಷಧಿ ಹೊಡೆದದ್ದನ್ನು ಹಸುವಿಗೆ ಹಾಕಬೇಡಿ.

ಮೇವುಗಾರ

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಬುಡಬೇರು ಅಣ್ಣ ಹೇಳಿದಂತೆ ಇಪ್ಪತ್ತು ತುಂಡು ನೆಟ್ಟಿದ್ದೇನೆ, ಹದಿನೆಂಟು ಚಿಗುರಿವೆ, ಎಣಿಕೆಗೆ ಇನ್ನೂ ಸಮಯ ಬೇಕು. ಬೇರಿನ ಬಣ್ಣದ ಕೆಲಸ ಮಾತ್ರ ಮುಗಿಸಿದೆ. ಮಗಳ ಶಾಲೆಯ ವಿಜ್ಞಾನದ ಮೇಡಂ ಜೊತೆ ನಿಂತು ಮಾಡಿಸಿದರು. ಹಳೇ ತಾಕಿನ ಬೇರು ಇಟ್ಟು ನೋಡಿದರೆ, ಗಾಜಿನಂಥ ಬೇರಿನೊಳಗೆ ಕಡುನೀಲಿ ಎಳೆಗಳು, ನಡುವೆ ದುಂಡು ಬುಡ್ಡೆಗಳು, ಒಂದು ಕಡೆ ನೀವು ಹೇಳಿದ ಸಣ್ಣ ಮರ. ಮಗಳು ಸರದಿ ಬಿಡಲೇ ಇಲ್ಲ. ಬೀಜದ ತಾಕಿನ ಬೇರಿನಲ್ಲೂ ಇವೆ, ಆದರೆ ಹುಡುಕಬೇಕು.

ಸೂಕ್ಷ್ಮಲೋಕ

ಓದಿ ಮನಸ್ಸು ತುಂಬಿತು ಸರ್. ಆ ದುಂಡು ಬುಡ್ಡೆಗಳು ಮೈಕೊರೈಜಾ ಎಣ್ಣೆ ಕೂಡಿಡುವ ಜಾಗ. ಇನ್ನೊಂದು ಸಲ ನೋಡುವಾಗ ಎರಡೂ ತಾಕಿನಿಂದ ಮೂವತ್ತು ಮೂವತ್ತು ಬೇರಿನ ತುಂಡು, ತಲಾ ಒಂದು ಸೆಂಟಿಮೀಟರ್ ಇಟ್ಟು, ಎಷ್ಟರಲ್ಲಿ ನೀಲಿ ಇದೆ ಅಂತ ಮಗಳಿಂದ ಎಣಿಸಿ ಬರೆಸಿ. ಎಲೆಯೊಳಗಿನದು ಬೇರೆಯ ವಿಷಯ, ಅದಕ್ಕೆ ನಿಮ್ಮ ಹದಿನೆಂಟು ಗಿಡ ಕಾಯುತ್ತಿವೆ. ಚುಕ್ಕೆ ಎಣಿಸುವಾಗ ಮೇಲಿನಿಂದ ಮೂರನೇ ಎಲೆಯನ್ನೇ ಪ್ರತಿ ಗಿಡದಲ್ಲೂ ತೆಗೆದುಕೊಳ್ಳಿ, ಎಳೆಯದ್ದು ಒಂದರಲ್ಲಿ ಹಳೆಯದ್ದು ಇನ್ನೊಂದರಲ್ಲಿ ಆಗಬಾರದು.